ಎರಡು ದಿಂಬು

ಗುಲಬರ್ಗಾ ದವಾಖಾನೆ,
೧೨ ಜನವರಿ ೧೯೫೦

ಸೌಭಾಗ್ಯವತಿ ಶೇವಂತಾಗೆ,

ಕಮಲಾಪುರದ ಮೋಟಾರಿನಲ್ಲಿ ನೀನು ಕಳಿಸಿದ ಹೋಳಿಗೆ ಮುಟ್ಟಿತು. ಸೊರಗಿದವನಿಗೆ ತುಪ್ಪವೇ ಮದ್ದೆಂದು ಧಾರಾಳವಾಗಿ ಸುರಿದಿದ್ದೀಯೆ. ಆಸೆ ತಡೆಯಲಾರದೆ ಎರಡು ತಿಂದೆ. ಹೊಟ್ಟೆಯಲ್ಲಿ ಎದ್ದ ನೋವು ಬೆನ್ನಿನವರೆಗೂ ಇರಿಯಿತು. ಜಠರದ ಹಿಂದಿನ ಮೇದೋಜೀರಕ ಗ್ರಂಥಿ ವರ್ಷಗಳಿಂದ ಬಾತಿದೆಯಂತೆ. "ಎಣ್ಣಿ, ತುಪ್ಪ ಬಂದ್ ಮಾಡ್ರಿ, ಮಾಸ್ತರ" ಎಂದು ಡಾಕ್ಟರರು ಗದರಿದರು. ಇನ್ನು ಮೇಲೆ ಒಣ ರೊಟ್ಟಿಯಷ್ಟೇ ಸಾಕು.

"ಊರಾಗ ನೋವು ಬಂದ್ರ ಏನ್ ಮಾಡ್ತಿದ್ರಿ?" ಎಂದೂ ಕೇಳಿದರು. "ಮುಂದಕ್ಕ ಬಾಗಿ ಒರಗ್ತಿದ್ದೆ" ಎಂದೆ. ಯಾರ ಬೆನ್ನಿಗೆ ಎಂಬುದನ್ನು ಹೇಳಲಿಲ್ಲ. ರಜಾಕಾರರಿಗೆ ಹೆದರಿ ಬಾಳೆತೋಟದಲ್ಲಿ ಅಡಗಿದ್ದ ದಿನವೂ ನಿನ್ನ ಬೆನ್ನಿಗೆ ಮುಖ ಒತ್ತಿಯೇ ನಾನು ನರಳಿಕೆಯನ್ನು ನುಂಗಿದ್ದು.

ಬಾಗಿ ಒರಗಲು ಇಲ್ಲಿ ಎರಡು ದಿಂಬು ಕೊಟ್ಟಿದ್ದಾರೆ. ಮೆತ್ತಗಿವೆ, ನೋವೂ ತುಸು ತಗ್ಗುತ್ತದೆ. ಆದರೆ "ಇನ್ನಾ ನೋವ್ ಅದ ಏನ್ರೀ?" ಎಂದು ಅವು ಕೇಳುವುದಿಲ್ಲ.

ಸೋಮವಾರದ ಮೋಟಾರಿಗೆ ಬಾ. ರೊಟ್ಟಿ ತರುವುದನ್ನು ಮರೆತರೂ ಚಿಂತೆಯಿಲ್ಲ.

ನಿನ್ನವ,
ಸೂರ್ಯಕಾಂತ