ಅರ್ಧಕ್ಕೆ ನಿಂತ ಕೈ

ಬಿಜೂರು,
12-11-2025, ಬುಧವಾರ

ಪ್ರೀತಿಯ ವಿನಯಾ,

ನಿನ್ನ ಅಮ್ಮ ದೂರದಿಂದಲೇ ತಲೆ ಸವರಿ ಮಾಡುವ ಆಶೀರ್ವಾದ. ಹೇಗಿದ್ದೀಯ ಮಗಾ? ಹುಬ್ಬಳ್ಳಿಯಲ್ಲಿ ಚಳಿ ಶುರುವಾಯಿತಾ? ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹೊಟ್ಟೆಗೆ ದಿನಾ ಜೋಳದ ರೊಟ್ಟಿ ಹಿಡಿಸುತ್ತದಾ? ಹೋದ ತಿಂಗಳು ಕೆಮ್ಮು ಅಂತ ತಿಳಿಸಿದ್ದೆ, ಗುಣವಾಯಿತೋ ಇಲ್ಲವೋ ಹೇಳಲೇ ಇಲ್ಲ. ಅಂಚೆ ಕಚೇರಿಯಲ್ಲಿ ದಿನವಿಡೀ ಊರೂರಿನ ಕಾಗದ ಬೇರ್ಪಡಿಸುವವಳು ನೀನು, ಇದೂ ನಿನ್ನ ಕೈಗೇ ಬಂದರೆ ಬರಬಹುದು. ಅಲ್ಲೇ ಹರಿದು ಓದಬೇಡ ಮಾರಾಯ್ತಿ, ರೂಮಿಗೆ ಹೋಗಿ ಕೂತು ಓದು. ಇಲ್ಲಿ ನನ್ನ ಮೊಣಕಾಲು ನೋವೊಂದು ಬಿಟ್ಟರೆ ಎಲ್ಲ ಸೌಖ್ಯ ಅಂತ ಬರೆಯುವುದು ವಾಡಿಕೆ. ಆದರೆ ಸೌಖ್ಯ ಇಲ್ಲ. ಅಪ್ಪಯ್ಯ ಎಂದಿನಂತೆ ಬಂದರಿನಿಂದ ಮೀನು ತಂದು, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ವಂಡ್ಸೆ ಕಡೆ ಹೋಗುತ್ತಾರೆ, ಮಾರಿ ಬರುತ್ತಾರೆ. ಮನೆಗೆ ಬಂದರೆ ಮಾತ್ರ ಊಟವೂ ಸೇರುವುದಿಲ್ಲ. ಮೊನ್ನೆ ಕಾಣೆ ಮೀನಿನ ಸಾರು ಮಾಡಿದ್ದೆ. ಅದನ್ನು ಬಟ್ಟಲಿನ ಅಂಚಿಗೆ ತಳ್ಳಿ, ಮಜ್ಜಿಗೆ ಹೊಯ್ದುಕೊಂಡು ಉಂಡು ಎದ್ದರು. ಕಾಣೆಯನ್ನು ತಳ್ಳಿದ ಅಪ್ಪಯ್ಯನನ್ನು ನೀನು ಎಂದಾದರೂ ಕಂಡಿದ್ದೀಯ?

ಫೋನಿನಲ್ಲೇ ಬರೆಯಬಹುದಿತ್ತಲ್ಲ, ಕಾಗದ ಯಾಕೆ ಅಂತ ಕೇಳುತ್ತೀಯ. ಕಾರಣ ಇದೆ. ನೀನು ಕಳಿಸುವ ಮೆಸೇಜನ್ನೂ ನಾನು ಕಳಿಸುವುದನ್ನೂ ಅವರೀಗ ಪಕ್ಕದ ಮನೆ ಪದ್ದುವಿನ ಮಗಳು ಧನ್ಯಶ್ರೀಯ ಹತ್ತಿರ ತೆಗೆದುಕೊಂಡು ಹೋಗಿ ಓದಿಸುತ್ತಾರೆ. ಇಷ್ಟು ವರ್ಷ ನಾನು ಓದಿ ಹೇಳಿದ್ದೇ ಓದು ಬಾರದ ಅವರಿಗೆ ವೇದ. ಈಗ ನನ್ನ ಓದಿಗೆ ಮೂರು ಕಾಸಿನ ಬೆಲೆ ಇಲ್ಲ. ಹೀಗಾಗುವ ಹಾಗೆ ಮಾಡಿಕೊಂಡವಳು ನಾನೇ, ಅದನ್ನೂ ಇದರಲ್ಲಿ ಬರೆಯುತ್ತೇನೆ. ಧನ್ಯಶ್ರೀ ಒಳ್ಳೆಯ ಹುಡುಗಿಯೇ, ಆದರೆ ಅವಳ ಬಾಯಿಗೆ ಬಿದ್ದದ್ದು ಬೈಂದೂರು ಮುಟ್ಟುವುದಕ್ಕೆ ಬಸ್ಸೇನೂ ಬೇಡ.

ಹೋದ ತಿಂಗಳ ಕೊನೆಯ ಭಾನುವಾರ ನೀನು ವಿಡಿಯೊದಲ್ಲಿ ಬಂದೆಯಲ್ಲ, ಆ ದಿನ ಇಲ್ಲಿ ಕಂಡದ್ದೇನು ಅಂತ ನಿನಗೆ ಸರಿಯಾಗಿ ಗೊತ್ತಿಲ್ಲ. ಸುಜನನ ವಿಷಯ ಹೇಳಿದೆ. ಜೊತೆಗೆ ಕೆಲಸ ಮಾಡುವ ಹುಡುಗ, ಬ್ರಹ್ಮಾವರದವನು, ನಿನ್ನ ಹಾಗೆಯೇ ಕಿವಿ ಕೇಳದವನು, ಮನಸ್ಸಿಗೆ ಬಂದಿದ್ದಾನೆ ಅಂದೆ. ಅಷ್ಟರವರೆಗೆ ಅಪ್ಪಯ್ಯನ ಮುಖ ನೋಡಬೇಕಿತ್ತು ನೀನು, ಅರಳಿ ಇಷ್ಟಗಲ ಆಗಿತ್ತು. ಆಮೇಲೆ ನೀನು ಅವರ ಕಡೆ ಬೆರಳು ತೋರಿಸಿದೆ, ಕೈ ಎತ್ತಿದೆ, ಚಿತ್ರ ಅಲ್ಲಿಗೇ ನಿಂತಿತು. ನಮ್ಮ ಮನೆಯ ಕೈಮಾತಿನಲ್ಲಿ 'ಬಾ' ಅನ್ನುವುದು ಹೇಗೆ? ಅಂಗೈ ಎದುರಿನವರ ಕಡೆಗೆ ಎತ್ತಿ ಹಿಡಿದು, ಆಮೇಲೆ ಬೆರಳುಗಳನ್ನು ನಮ್ಮ ಕಡೆಗೆ ಮಡಚುವುದು. ಮಡಚುವ ಮುಂಚೆಯೇ ನಿಂತರೆ ಅದೇನಾಯಿತು? 'ಬೇಡ, ಅಲ್ಲೇ ಇರು' ಅಂತಾಯಿತು. ಬಾಯಿ ಬಿಗಿದ ನಿನ್ನ ಮುಖ, ಮುಂದೆ ಚಾಚಿದ ಅಂಗೈ, ಅದೇ ಒಂದು ಚಿತ್ರ ಸುಮಾರು ಹೊತ್ತು ಹಾಗೇ ಇತ್ತು. ಕೊನೆಗೆ ಕಾಲ್ ಕಡಿದು ಹೋಯಿತು. ಅಪ್ಪಯ್ಯ ಎದ್ದು ಅಂಗಳಕ್ಕೆ ಹೋದರು.

ನೀನು ಆಮೇಲೆ ಮೆಸೇಜ್ ಕಳಿಸಿದೆ. 'ಅಪ್ಪಯ್ಯ ಹುಬ್ಬಳ್ಳಿಗೆ ಬರಲಿ, ಅವರು ಸುಜನನನ್ನು ನೋಡಿ ಒಪ್ಪಿದರೆ ಮಾತ್ರ ಮುಂದಿನ ಮಾತು' ಅಂತ. ಅದನ್ನೇ ಓದಿ ಹೇಳಿದೆ. ನಂಬಲಿಲ್ಲ. "ಅದ್ ನೀ ಕಟ್ಟಿ ಹೇಳೂದ್. ಅವ್ಳ್ ಬ್ಯಾಡ ಅಂದದ್ದ್ ನಾ ಕಣ್ಣಾರೆ ಕಂಡಿದೆ. ಮೀನ್ ವಾಸ್ನಿ ಅಪ್ಪಯ್ಯ ಬ್ಯಾಡ ಅವ್ಳಿಗೆ" ಅಂದರು. ನೀನು ವಿಡಿಯೊ ಮಾಡಿ ಕಳಿಸಿದ್ದನ್ನು ಹೈವೇ ಬದಿಗೆ ಹೋಗಿ ಇಳಿಸಿಕೊಂಡು ಬಂದು ತೋರಿಸಿದೆ. ಅದಕ್ಕೂ "ನೀ ಹೇಳಿ ಮಾಡ್ಸಿದ್ದ್" ಅಂದರು. ಅವರಿಗೆ ಬೇಕಾದ್ದು ಅವರ ಕೈ ಕೇಳಬೇಕು, ನಿನ್ನ ಕೈ ಅಲ್ಲೇ ಉತ್ತರ ಕೊಡಬೇಕು. ಇಬ್ಬರೂ ಹೊರಟು ಹುಬ್ಬಳ್ಳಿಗೇ ಹೋಗೋಣ ಅಂದರೆ, "ಕರೀದೆ ಇಪ್ಪಲ್ಲಿಗೆ ನಾ ಹ್ಯಾಂಗ್ ಹೋಪುದ್?" ನಿನಗೋ ಹೊಸ ಕೆಲಸ, ಈಗ ರಜೆ ಸಿಗುವುದಿಲ್ಲ. ಡಿಸೆಂಬರ್ ಮೊದಲ ವಾರ ಸುಜನನ ಅಪ್ಪ ಅಮ್ಮ ನಮ್ಮ ಮನೆಗೆ ಬರುತ್ತಾರೆ. ಆ ದಿನ ತಾನು ಮನೆಯಲ್ಲೇ ಇರುವುದಿಲ್ಲ ಅಂತ ಈಗಲೇ ಹೇಳಿ ಕೂತಿದ್ದಾರೆ. ಹುಡುಗಿಯ ಅಪ್ಪನೇ ಇಲ್ಲದ ಜಗಲಿಯಲ್ಲಿ ಬಂದವರಿಗೆ ನಾನು ಚಾ ಕೊಟ್ಟು ಏನಂತ ಹೇಳಲಿ?

ನನ್ನ ಓದನ್ನು ಯಾಕೆ ನಂಬುವುದಿಲ್ಲ ಅನ್ನುವುದನ್ನು ಬರೆದುಬಿಡುತ್ತೇನೆ. ನೀನು ಏಳು ವರ್ಷದವಳು ಹಾಸ್ಟೆಲ್ ಶಾಲೆಗೆ ಸೇರಿದ ವರ್ಷ ಸೊಟ್ಟ ಸೊಟ್ಟ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದೆ. ಎಲ್ಲದರಲ್ಲೂ ಒಂದೇ ಸಾಲು, 'ಅಪ್ಪಯ್ಯ ಬಾ, ಮನೆಗೆ ಕರಕೊಂಡು ಹೋಗು.' ನಾನು ಅವರಿಗೆ ಓದಿದ್ದು, 'ಚೆನ್ನಾಗಿದ್ದೇನೆ, ಹೊಸ ಗೆಳತಿ ಸಿಕ್ಕಿದ್ದಾಳೆ.' ಸರಿಯಾಗಿ ಓದಿದ್ದರೆ ಅವರು ಅಂದೇ ಹೋಗಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು, ನೀನು ಇವತ್ತು ಇದೇ ಅಂಗಳದಲ್ಲಿ ಮೀನು ಹೆಚ್ಚುತ್ತಾ ಕೂತಿರುತ್ತಿದ್ದೆ. ಈ ದೀಪಾವಳಿಗೆ ಟ್ರಂಕು ಗುಡಿಸಿ ಒರೆಸುವಾಗ ಆ ಕಾಗದಗಳ ಕಟ್ಟು ಅವರ ಕೈಗೆ ಸಿಕ್ಕಿತು. ಮಗಳ ಸಣ್ಣ ವಯಸ್ಸಿನ ಅಕ್ಷರ ಅಂತ ಖುಷಿಯಿಂದ ಧನ್ಯಶ್ರೀಯ ಹತ್ತಿರ ಓದಿಸಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಓದಿದಳು. ಅದಾದ ವಾರದೊಳಗೇ ನಿನ್ನ ಕೈ ಅರ್ಧಕ್ಕೆ ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ಣುತ್ತಿದ್ದೇನೆ. ನಿನ್ನನ್ನು ಶಾಲೆಯಲ್ಲಿ ಉಳಿಸಿದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ನೀನು ಕರೆದದ್ದು ಅವರಿಗೆ ತಲುಪದ ಹಾಗೆ ಮಾಡಿದ್ದಕ್ಕೆ ಇದೆ. ನೀನೂ ನನ್ನನ್ನು ಕ್ಷಮಿಸಬೇಕು ಮಗಾ. ಅಪ್ಪಯ್ಯ ಯಾಕೆ ಬರಲಿಲ್ಲ ಅಂತ ಆ ವಯಸ್ಸಿನಲ್ಲಿ ನೀನು ಎಷ್ಟು ಸಲ ಅಂದುಕೊಂಡಿರಬೇಕು.

ಅಳುತ್ತಾ ಕೂತರೆ ಯಾವುದೂ ನೆಟ್ಟಗಾಗುವುದಿಲ್ಲ ಅಂತ ಸೆರಗು ಸಿಕ್ಕಿಸಿಕೊಂಡು ಹೊರಟೆ. ಚಿತ್ರ ನಿಲ್ಲದ ಫೋನ್ ಬೇಕು, ಅದೂ ಮನೆಯೊಳಗೇ ನಿಲ್ಲದ್ದು ಬೇಕು. ಹೈವೇ ಬದಿಗೆ ಹೋದರೆ ಈ ಹಳೆಯ ಫೋನಿಗೂ ನಾಲ್ಕು ಕಡ್ಡಿ ರೇಂಜ್ ಸಿಗುತ್ತದೆ. ಆದರೆ ಅಲ್ಲಿ ನಿಂತು ಮಾತಾಡಲು ಅಪ್ಪಯ್ಯ ಸುತರಾಂ ಒಪ್ಪುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಬೇರೆಯವರು ಗುಟ್ಟು ಹೇಳಬೇಕಾದರೆ ಸ್ವರ ತಗ್ಗಿಸುತ್ತಾರೆ, ಕೈಮಾತನ್ನು ತಗ್ಗಿಸುವುದು ಹೇಗೆ? ಇಪ್ಪತ್ತು ವರ್ಷ ನಿಮ್ಮಿಬ್ಬರನ್ನು ನೋಡಿ ನೋಡಿ ಕೇರಿಗೆ ಕೇರಿಯೇ ಕಲಿತಿದೆ. ಅಂಗಡಿಯ ಸೂರ ಕೂಡ ನಿನ್ನ ಹಾಗೆ 'ಸಕ್ಕರೆ ಮುಗಿಯಿತು' ಅಂತ ಕೈಯಲ್ಲೇ ಹೇಳುತ್ತಾನೆ. ಮನೆಯೊಳಗೋ ಒಂದೇ ಕಡ್ಡಿ, ಅದೂ ಬಚ್ಚಲಿನ ಹತ್ತಿರ.

ಮೊದಲು ಕುಂದಾಪುರಕ್ಕೆ ಹೋದೆ. ಅಂಗಡಿಯವನು ಕ್ಯಾಮರಾ ಹೊಗಳಿದ, ಬಣ್ಣ ಹೊಗಳಿದ, "ಅಕ್ಕಾ, ಫೈವ್ ಜಿ ಅಂದ್ರೆ ಎಲ್ಲಾ ಒಂದೇ, ಕಣ್ ಮುಚ್ಚಿ ತಕಂಡ್ ಹೋಯ್ನಿ" ಅಂದ. ಕಣ್ಣು ಮುಚ್ಚಿ ಮೀನೂ ತೆಗೆದುಕೊಳ್ಳದವಳು ನಾನು, ಫೋನ್ ತೆಗೆದುಕೊಳ್ಳುತ್ತೇನಾ? ನಮ್ಮ ಮನೆಯ ಒಳಗೆ ಸಿಗುತ್ತದಾ ಅಂದರೆ ಮತ್ತೆ ಕ್ಯಾಮರಾ ತೋರಿಸಿದ. ಬಾಯಿದ್ದವನು ಬರದಲ್ಲೂ ಬದುಕಿದನಂತೆ. ನಮ್ಮ ಸಿಮ್ಮಿನ ಕಂಪನಿಯವರು ಗದ್ದೆಯ ಆಚೆ ಹೊಸ ಟವರ್ ಹಾಕಿದ್ದಾರಲ್ಲ, ಅದನ್ನು ನೋಡಿಕೊಳ್ಳುವ ಶೈಲೇಶ್ ಅನ್ನುವ ಹುಡುಗ ಕೆಳಗೆ ಇಳಿಯುವುದನ್ನೇ ಕಾಯ್ದು ನಿಂತು ಕೇಳಿದೆ. ಅವನು ಬೇಸರಿಸದೆ ಹೇಳಿದ. ವೇಗದ ನೆಟ್ಟು ಎರಡು ದಾರಿಯಲ್ಲಿ ಬರುತ್ತದಂತೆ. ಒಂದು ದಾರಿಯದು ಬಹಳ ಜೋರು, ಆದರೆ ದೂರ ಬರುವುದಿಲ್ಲ, ನಾಲ್ಕು ತೆಂಗಿನಮರ ಒಂದು ಗೋಡೆ ಎದುರಾದರೆ ಸುಸ್ತು. ಇನ್ನೊಂದರದು ಅಷ್ಟು ಜೋರಿಲ್ಲ, ಆದರೆ ದೂರ ಬರುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಆ ದಾರಿಗೆ ಬ್ಯಾಂಡ್ ಅಂತ ಹೆಸರು, ನಮ್ಮ ಮನೆಗೆ ಮುಟ್ಟುವುದರ ನಂಬರು ಇಪ್ಪತ್ತೆಂಟು. "ಫೈವ್ ಜಿ ಅಂತ ಬರ್ದ್ರೆ ಸಾಕಾತ್ತಿಲ್ಲೆ ಅಕ್ಕಾ, ಫೋನಂಗೆ ಇಪ್ಪತ್ತೆಂಟ್ ಇತ್ತಾ ಕಾಣ್ಕ್" ಅಂದ. ಬಸ್ ಟಿಕೆಟ್ಟಿನ ಹಿಂದೆ ಅವನ ಕೈಯಲ್ಲೇ ಬರೆಸಿಕೊಂಡೆ.

ಬೈಂದೂರಿನ ಅಂಗಡಿಗೆ ಹೋಗಿ "ನಂಗೆ ಇಪ್ಪತ್ತೆಂಟನೇ ಬ್ಯಾಂಡ್ ಬೇಕ್" ಅಂದೆ. ಅಲ್ಲಿಯ ಹುಡುಗ ಒಳಗೆ ಹೋಗಿ ಕೈಗೆ ಕಟ್ಟುವ, ನಾಡಿ ಎಣಿಸುವ ಗಡಿಯಾರದಂಥದ್ದನ್ನು ತಂದು, ನನ್ನ ಮಣಿಕಟ್ಟು ಹಿಡಿದು ಅಳತೆ ನೋಡತೊಡಗಿದ! ಕೈ ಎಳೆದುಕೊಂಡು ಬೈದೆ, ಆಮೇಲೆ ನನಗೇ ನಗು ಬಂತು. ಅಲ್ಲೇ ಕೆಲಸಕ್ಕಿದ್ದ ನವ್ಯಾ, ನಮ್ಮ ಬಿಜೂರಿನ ಹುಡುಗಿಯೇ, ಬಂದು ವಿಷಯ ತಿಳಿದುಕೊಂಡಳು. ಒಂದೊಂದು ಫೋನಿನ ಹೆಸರು ಹಾಕಿ ಕಂಪನಿಯ ಪಟ್ಟಿ ತೆರೆದು ಓದಿ ಹೇಳಿದಳು. ಹಬ್ಬದ ರಿಯಾಯಿತಿಯಲ್ಲಿ ಇಟ್ಟಿದ್ದ ಹೊಳೆಯುವ ಫೋನಿನಲ್ಲಿ ಎಪ್ಪತ್ತೆಂಟು, ಅಂದರೆ ಆ ಜೋರಿನ ದಾರಿ, ಇತ್ತು, ಇಪ್ಪತ್ತೆಂಟು ಇರಲಿಲ್ಲ. ಪಕ್ಕದಲ್ಲಿದ್ದ ಕಪ್ಪು ಮೋರೆಯ ಸಾದಾ ಫೋನಿನಲ್ಲಿ ಎರಡೂ ಇತ್ತು. ಅಂಗಡಿಯ ಯಜಮಾನರು ಹೊಳೆಯುವುದನ್ನೇ ಮುಂದೆ ಮುಂದೆ ತಳ್ಳುತ್ತಿದ್ದರು. ನಾನು ಕಪ್ಪು ಮೋರೆಯದನ್ನೂ ಆ ಕೂಡಲೇ ಕೊಳ್ಳಲಿಲ್ಲ. ಬೇರೆಯವರು ಓದಿ ಹೇಳಿದ್ದೆಲ್ಲ ನಿಜವಾಗಿರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು?

ನವ್ಯಾಳ ಸ್ವಂತ ಫೋನೂ ಅದೇ ಜಾತಿಯದು. ಸಂಜೆ ಕೆಲಸ ಬಿಟ್ಟು ಬರುವಾಗ ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವಳ ಫೋನಿಗೆ ನಮ್ಮ ಸಿಮ್ ಹಾಕಿ, ಒಲೆಯ ಹತ್ತಿರ ನಿಂತು ಅವಳ ಅಕ್ಕನಿಗೆ ವಿಡಿಯೊ ಮಾಡಿಸಿದೆ. ಆ ಅಕ್ಕನಿಗೆ 'ಬಾ' ಅನ್ನುವ ಕೈ ಹೇಳಿಕೊಟ್ಟು ಹತ್ತು ಸಲ ಮಾಡಿಸಿದೆ, ಬೇಗ ಬೇಗ. ಪಾಪ, ಇದು ಯಾವ ಹುಚ್ಚು ಹೆಂಗಸು ಅಂದುಕೊಂಡಿರಬೇಕು. ಹತ್ತಕ್ಕೆ ಹತ್ತೂ ಪೂರ್ತಿ ಬಂತು. ಜಗಲಿಯಲ್ಲಿ ಹತ್ತು, ದೇವರ ಕೋಣೆಯ ಬಾಗಿಲಲ್ಲಿ ಹತ್ತು. ಒಂದು ಬೆರಳೂ ನಿಲ್ಲಲಿಲ್ಲ. ಮರುದಿನವೇ ಹೋಗಿ ತಂದೆ. ದುಡ್ಡಿನ ಚಿಂತೆ ನಿನಗೆ ಬೇಡ, ತೆಂಗಿನ ಕಡ್ಡಿಯ ಹಿಡಿಸೂಡಿ ಕಟ್ಟಿ ಮಾರಿ ಉಳಿಸಿದ್ದು ಇತ್ತು.

ಆ ಸಂಜೆ ಇಷ್ಟೆಲ್ಲ ನಡೆಯುವಾಗ ಅಪ್ಪಯ್ಯ ಬಾಗಿಲ ಬಳಿ ಕೂತು ಮೀನಿನ ಪೆಟ್ಟಿಗೆಯ ಬೆಲ್ಟ್ ಸರಿ ಮಾಡುವ ನಾಟಕ ಮಾಡುತ್ತಿದ್ದರು. ಸರಿ ಇದ್ದ ಬೆಲ್ಟು ಅದು. ನವ್ಯಾ ಹೋದ ಮೇಲೆ, ಎಂತ ಬ್ಯಾಂಡು ಬ್ಯಾಂಡು ಅಂತಿದ್ದಳು ಅಂತ ಕೇಳಿದರು. ಹೇಳಿದೆ. "ಮದಿ ಇಲ್ಲ, ದಿಬ್ಣ ಇಲ್ಲ, ಈಗ್ಳೇ ಬ್ಯಾಂಡಾ?" ಅಂದು ಎದ್ದು ಹೋದರು. ಹದಿನೈದು ದಿನದಲ್ಲಿ ಅವರು ಆಡಿದ ಮೊದಲ ತಮಾಷೆ ಅದು. ನಾನು ಒಳಗೆ ಹೋಗಿ ಒಬ್ಬಳೇ ನಕ್ಕೆ, ಸ್ವಲ್ಪ ಅತ್ತೆ ಕೂಡ.

ಈಗ ನೀನು ಮಾಡಬೇಕಾದ್ದು. ಬರುವ ಇಪ್ಪತ್ತಮೂರನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಲ್ ಮಾಡು. ಅವರನ್ನು ಫೋನಿನ ಎದುರು ಕೂರಿಸುವುದು ನನ್ನ ಜವಾಬ್ದಾರಿ, ಕಟ್ಟಿ ಹಾಕಿಯಾದರೂ ಕೂರಿಸುತ್ತೇನೆ. ನಿನ್ನ ರೂಮಿನ ಕಿಟಕಿ ಹತ್ತಿರ ಕೂತುಕೋ, ಬೆಳಕು ಮುಖಕ್ಕಿಂತ ಕೈಗೆ ಬೀಳಲಿ. ಸುಜನ್ ಮೊದಲೇ ಪಕ್ಕದಲ್ಲಿ ಕೂರುವುದು ಬೇಡ, ಆಮೇಲೆ ಬರಲಿ. ನಾನು ನಡುವೆ ಬಾಯಿ ಹಾಕುವುದಿಲ್ಲ, ಒಲೆಯ ಹತ್ತಿರವೇ ಇರುತ್ತೇನೆ. ಹಾಸ್ಟೆಲಿನ ಕಾಗದದ ವಿಷಯವನ್ನೂ ಅವರು ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳು, ನನ್ನ ಮುಖ ನೋಡಬೇಡ.

ಆರೋಗ್ಯ ಜೋಪಾನ. ಕೆಮ್ಮಿಗೆ ಒಳ್ಳೆಮೆಣಸಿನ ಕಷಾಯ ಕುಡಿ. ಸುಜನನಿಗೂ ಅವನ ಮನೆಯವರಿಗೂ ನಮ್ಮ ನಮಸ್ಕಾರ ತಿಳಿಸು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಂತು ನಿನ್ನನ್ನೇ ನೆನೆಯುವ
ಅಮ್ಮ
ಸುಗುಣ

ತಾ. ಕ.: ಪದ್ದು ಬೈಂದೂರಿಗೆ ಹೊರಟು ಅಂಗಳದಲ್ಲಿ ನಿಂತು ಕೂಗುತ್ತಿದ್ದಾಳೆ, ಅವಳ ಕೈಯಲ್ಲೇ ಇದನ್ನು ಡಬ್ಬಿಗೆ ಹಾಕಿಸಬೇಕು, ಬೇಗ ಬರೆಯುತ್ತೇನೆ. ಎಷ್ಟು ಒಳ್ಳೆಯ ಫೋನಾದರೂ ಅದು ಗಾಳಿಯಲ್ಲಿ ಬರುವ ವಸ್ತು. ಭಾನುವಾರವೂ ನಿಂತುಬಿಟ್ಟರೆ? ಅದಕ್ಕೆ ನೀನು 'ಬಾ' ಅಂತ ಶುರು ಮಾಡಬೇಡ. ಸಣ್ಣವಳಿದ್ದಾಗ ಅಪ್ಪಯ್ಯನ ಬೈಕು ಅಂಗಳಕ್ಕೆ ಬಂದ ಕೂಡಲೇ, ಅವರ ಅಂಗಿ ತುಂಬ ಮೀನಿನ ನೀರಿದ್ದರೂ, ಎತ್ತಿಕೋ ಅಂತ ಎರಡೂ ಕೈ ಚಾಚಿ ಓಡುತ್ತಿದ್ದೆಯಲ್ಲ, ಅದನ್ನು ಮಾಡು. ಆ ಕೈ ಎಲ್ಲಿ ನಿಂತರೂ ಬೇಡ ಅಂತ ಆಗುವುದಿಲ್ಲ. ಇಷ್ಟು ದೊಡ್ಡವಳು ಅಂತ ನಾಚಿಕೆಯಾದರೆ ಆಗಲಿ, ಸುಜನ್ ನಕ್ಕರೆ ನಗಲಿ. ಮೊದಲು ಅದು, ಉಳಿದ ಮಾತೆಲ್ಲ ಆಮೇಲೆ.