ಸೊಂಡಿಲು ಒಳಗೆ ವಾಲಿದ್ದು

೫ ಫೆಬ್ರವರಿ ೧೯೯೬, ಸೋಮವಾರ. ಸಂಜೆ ೬

ಶಿಕಾರಿಪುರ ತಾಲ್ಲೂಕಿನ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಇಂದು ಈಸೂರಿನ ಶಾಲೆಗೆ ಹೋಗುವಾಗ, ಕೆರೆ ಏರಿಯ ಮೇಲೆ, ನನ್ನ ಸೈಕಲ್ಲು 'ಟಿಕ್' ಎಂದಿತು. ಇಳಿದೆ, ನೋಡಿದೆ, ಏನೂ ಇಲ್ಲ. ಹತ್ತಿದೆ. ಟಿಕ್ ಟಿಕ್ ಟಿಕ್.

ಸಾಮಾನ್ಯ ಸೈಕಲ್ಲಲ್ಲ. ಬೆಟ್ಟ ಹತ್ತುವ ಗೇರ್ ಸೈಕಲ್ಲು. ಕುಬಟೂರಿನ ದೇವಸ್ಥಾನ ಅಳೆಯಲು ಬಂದಿದ್ದ ಬಿಳಿಯನೊಬ್ಬ ಹತ್ತು ವರ್ಷ ತುಳಿದು ಸೊರಬದ ಮಲ್ಲಿಕಾರ್ಜುನನಿಗೆ ಬಿಟ್ಟುಹೋದದ್ದು. ಮಲ್ಲಿಕಾರ್ಜುನ ಎಂದರೆ ನನ್ನ ಹೆಂಡತಿ ರಾಜೇಶ್ವರಿಯ ತಮ್ಮ. ಹೋದ ತಿಂಗಳು ನನಗೆ ಕೊಟ್ಟ. ಸುಮ್ಮನೆ. ಸುಮ್ಮನೆ ಯಾರಾದರೂ ಏನನ್ನಾದರೂ ಕೊಡುತ್ತಾರೆಯೇ? ಅದರಲ್ಲೂ ಹೆಂಡತಿಯ ತಮ್ಮ?

ಸಾರಿಗೆ ಹುಳಿ ಹೆಚ್ಚು. ಯಾರಿಗೂ ಹೇಳಲಿಲ್ಲ.

೭ ಫೆ. ಸಂಜೆ

ಕೆಂಪಪ್ಪನ ಸೈಕಲ್ ಷಾಪು. ತಲೆಕೆಳಗು ಮಾಡಿ ಪೆಡಲ್ ತಿರುಗಿಸಿದ. ಚೈನನ್ನು ಒಂದು ಹಲ್ಲಿನಚಕ್ರದಿಂದ ಇನ್ನೊಂದಕ್ಕೆ ದಾಟಿಸಲು ಹಿಂದೆ ಜೋತುಬಿದ್ದಿರುವ ಸಾಧನಕ್ಕೆ ಕಂಪನಿಯವರು ಡಿರೇಲರ್ ಎನ್ನುತ್ತಾರಂತೆ. ಕೆಂಪಪ್ಪ ಸೊಂಡಿಲು ಎನ್ನುತ್ತಾನೆ. ಕಂಪನಿಗಿಂತ ಕೆಂಪಪ್ಪ ಮೇಲು.

"ನೋಡ್ರಿ ಮೇಷ್ಟ್ರೇ, ಚೈನು ದೊಡ್ ಹಲ್ಲಿನ್ ಚಕ್ರಕ್ಕೆ ಹಾಕಿದ್ರೆ ಸೊಂಡಿಲು ಒಳಗ್ ಹೋಗಿ ಗಾಲಿ ಕಡ್ಡಿಗೆ ತಾಗತೈತಿ. ನಡುವೆ ಜಾಗ ಬೇಕು. ಇಲ್ಲಿ ಕಾಗ್ದ ತೂರಲ್ಲ."

"ತಾಗಿದರೆ ಏನಾಗುತ್ತೋ?"

"ಒಂದಿನ ಕಡ್ಡಿಗೆ ಸಿಕ್ಕೊಂಡು ಚಕ್ರ ನಿಂತ್ಬಿಡ್ತೈತಿ. ಚಕ್ರ ನಿಲ್ತೈತಿ, ನೀವು ನಿಲ್ಲಲ್ಲ."

ತಿರುಪು ಬಿಗಿದ. ಚೈನು ದೊಡ್ಡ ಚಕ್ರಕ್ಕೆ ಹತ್ತಲೇ ಇಲ್ಲ. ಸಡಿಲಿಸಿದ. ಮತ್ತೆ ಟಿಕ್. ಕೊನೆಗೆ ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ.

"ತಿರುಪಿಂದಲ್ರೀ. ಸೊಂಡಿಲು ನೇತಾಕಿರೋ ಕಿವಿನೇ ಒಳಗೆ ಬಗ್ಗೈತಿ. ಯಾರೋ ಬಲಗಡೆಯಿಂದ ಒತ್ತಿದಾರೆ."

ಯಾರೋ! ಸೊರಬದಿಂದ ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ತಂದವನು ಯಾರು? ಬಗ್ಗಿದ್ದು ಗೊತ್ತಿದ್ದೇ ನನ್ನ ತಲೆಗೆ ಕಟ್ಟಿದ್ದಾನೆ.

ಕೆಂಪಪ್ಪ ಸ್ಪ್ಯಾನರ್ ಕಚ್ಚಿಸಿ ಮೆಲ್ಲಗೆ ನೆಟ್ಟಗೆ ಮಾಡಿದ. ಟಿಕ್ ನಿಂತಿತು. "ಇನ್ನ್ ನಾಕೈದ್ ಸಲ ಹಿಂಗ್ ಬಗ್ಸಿದ್ರೆ ಮುರೀತೈತಿ, ಹುಷಾರು."

೮ ಫೆ.

ಮಲ್ಲಿಕಾರ್ಜುನನಿಗೆ ಕಾಗದ. ಎರಡು ಪುಟ. 'ನಿನ್ನ ಅಕ್ಕನ ಕುಂಕುಮಕ್ಕೆ ಸಂಚಕಾರ ತರುವುದೇ ನಿನ್ನ ಉದ್ದೇಶವಾಗಿತ್ತೇ?' — ಈ ವಾಕ್ಯ ಚೆನ್ನಾಗಿ ಬಂದಿದೆ. ಕೊನೆಗೆ: '೨೫ರ ನಿನ್ನ ಹೊಸಮನೆ ಪ್ರವೇಶಕ್ಕೆ ನಾವಿಬ್ಬರೂ ಬರುವುದಿಲ್ಲ.'

ತಾಯಿಯಿಲ್ಲದ ತಮ್ಮ. ರಾಜೇಶ್ವರಿಯೇ ಎತ್ತಿ ಬೆಳೆಸಿದ್ದು. ಆ ದಿನಕ್ಕೆಂದು ಸಂಕ್ರಾಂತಿಯಿಂದ ಹಪ್ಪಳ ಒಣಗಿಸುತ್ತಿದ್ದಾಳೆ. ಏನು ಮಾಡುವುದು, ನ್ಯಾಯ ನ್ಯಾಯವೇ.

ಲಕೋಟೆಗೆ ಸ್ಟಾಂಪು ಹಚ್ಚಿ, ಪೋಸ್ಟಿಗೆ ಹಾಕೆಂದು ಅವಳ ಕೈಗೇ ಕೊಟ್ಟೆ.

"ಏನ್ರೀ ಬರೆದಿದ್ದೀರಿ ತಮ್ಮನಿಗೆ?"

"ಕ್ಷೇಮ ಸಮಾಚಾರ."

೧೩ ಫೆ.

ಟಿಕ್.

ಕಿವಿ ಮತ್ತೆ ಒಳಗೆ ವಾಲಿದೆ! ಸೊರಬದಿಂದ ಕೈ ಚಾಚಿ ಯಾರೂ ಬಗ್ಗಿಸಲಾರರು. ಅಂದರೆ ಶತ್ರು ಇಲ್ಲೇ ಇದ್ದಾನೆ. ಪಕ್ಕದ ಮನೆ ಗಂಗಾಧರಪ್ಪನವರು ಸೈಕಲ್ಲು ಕಂಡಾಗಲೆಲ್ಲ 'ಪಾಪ, ಸ್ಟ್ಯಾಂಡೇ ಇಲ್ವಲ್ರೀ ಇದಕ್ಕೆ' ಎಂದು ಮರುಗುತ್ತಾರೆ. ಮರುಕವೇ ಹಗೆತನದ ಮೊದಲ ಲಕ್ಷಣ.

ಇನ್ನೊಂದು ಸಂಗತಿ. ವಾರದಿಂದ ಸಾರಿಗೆ ಹುಳಿಯೇ ಇಲ್ಲ. ಈ ಡೈರಿಯ ಅಂಚಿನಲ್ಲಿ ಅರಿಶಿನದ ಬೆರಳಿನ ಗುರುತು. ನಾನು ಅರಿಶಿನ ಮುಟ್ಟುವವನಲ್ಲ...

೧೮ ಫೆ. ಭಾನುವಾರ

ಕೆಂಪಪ್ಪ ಮತ್ತೆ ನೆಟ್ಟಗೆ ಮಾಡಿಕೊಟ್ಟ. ಕಿಟಕಿಯಿಂದ ಮೂರು ದಿನ ಕಾವಲು. ಒಬ್ಬನೂ ಮುಟ್ಟಲಿಲ್ಲ. ಆದರೂ ಟಿಕ್. ಕೆಂಪಪ್ಪನನ್ನು ಮನೆಗೇ ಕರೆಸಿದೆ. ಬಂದವನು ಅಂಗಳದಲ್ಲೇ ನಿಂತುಬಿಟ್ಟ.

"ದಿನಾ ಹಿಂಗೇ ನಿಲ್ಸ್ತೀರೇನ್ರೀ ಇದನ್ನ?"

ಹೀಗೇ. ಚೈನಿನ ಮಗ್ಗುಲು ಜಗಲಿ ಕಲ್ಲಿಗೆ ಒರಗಿಸಿ. ಬಂದುಹೋಗುವವರ ಬಿಳಿ ಪಂಚೆಗೆ ಎಣ್ಣೆಮಸಿ ತಾಗಬಾರದಲ್ಲ. ನಮ್ಮಪ್ಪ ಕಲಿಸಿದ ಮರ್ಯಾದೆ.

"ನಿಮ್ಮಪ್ಪಾರ ಸೈಕಲ್ಲಿಗೆ ಸೊಂಡಿಲು ಇತ್ತೇನ್ರೀ?"

ಬಾಗಿಲಿನಿಂದ ರಾಜೇಶ್ವರಿ: "ಅಷ್ಟೇ ಅಲ್ಲ ಕೆಂಪಪ್ಪ. ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು, ಒಂಟಿ ಕಾಲಲ್ಲಿ ನಿಂತು ಬೂಟು ಹಾಕ್ಕೋತಾರೆ. ದಿನಾ."

ಕೆಂಪಪ್ಪ ಕಲ್ಲಿನ ಅಂಚು ತೋರಿಸಿದ. ಸೊಂಡಿಲಿನ ಎತ್ತರಕ್ಕೆ ಸರಿಯಾಗಿ ಕಪ್ಪು ಗೀರು. ಎಪ್ಪತ್ತೆಂಟು ಕೆ.ಜಿ. ತೂಕದ ಶತ್ರು ಸಿಕ್ಕಿಬಿದ್ದ.

"ಮೊದಲೇ ಹೇಳಬಾರದಿತ್ತೇನೇ?"

"ನೀವೆಲ್ಲಿ ಕೇಳಿದ್ರಿ? ಬರೀತಾ ಕೂತಿದ್ರಿ."

೧೯ ಫೆ.

ಕೆಂಪಪ್ಪ ಮೂರನೇ ಸಲ ಕಿವಿ ನೆಟ್ಟಗೆ ಮಾಡಿಹೋದ. ಈಗ ಎಡಮಗ್ಗುಲಿಗೆ ಒರಗಿಸುತ್ತೇನೆ. ಸೈಕಲ್ಲು ಮೌನ. ಟಿಕ್ ನನ್ನ ಎದೆಗೆ ಬಂದಿದೆ. ಆ ಕಾಗದ...

ಕೇಳಿಯೇ ಬಿಟ್ಟೆ. "ಅವತ್ತು ಕೊಟ್ಟ ಕಾಗದ ಪೋಸ್ಟಿಗೆ ಹಾಕಿದೆಯಾ?"

"ಯಾವ್ದು ರೀ, ಕ್ಷೇಮ ಸಮಾಚಾರದ್ದಾ?" ಎಂದು ಹಪ್ಪಳದ ಡಬ್ಬಿ ಮುಚ್ಚಿದಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

೨೩ ಫೆ. ಶುಕ್ರವಾರ. ಸಂಜೆ ೭-೩೦

ಮಲ್ಲಿಕಾರ್ಜುನ ತಾನೇ ಬಂದಿದ್ದ, ಕರೆಯಲು. ನಗುತ್ತಾ.

"ಭಾವ, ಸೈಕಲ್ ಹೆಂಗಿದೆ? ಅವತ್ತು ಬಸ್ಸಿನ ಮೇಲೆ ಹುಲ್ಲು ಹಾಸಿ, ಗೇರ್ ಮೇಲ್ಮುಖ ಮಾಡಿ ಮಲಗ್ಸಿದ್ದೆ. ಎಲ್ಲಾದ್ರೂ ತಾಗುತ್ತೆ ಅಂತ ದಾರಿಯುದ್ದಕ್ಕೂ ಪಕ್ಕದಲ್ಲೇ ಕೂತಿದ್ದೆ."

"ಚೆನ್ನಾಗಿದೆ" ಎಂದೆ. ಸತ್ಯವೇ.

"ನಾಡಿದ್ದು ಮೊದಲು ಹೊಸ್ತಿಲು ದಾಟೋದು ಅಕ್ಕ, ನೀವು. ಆಮೇಲೇ ನಾನು."

ಕಾಫಿ ಲೋಟ ಕೆಳಗಿಟ್ಟೆ. ಕಾಗದ ತಲುಪಿಲ್ಲ. ಹದಿನೈದು ದಿನವಾದರೂ! ಅಂಚೆಯವನ ಮೇಲೆ ಅನುಮಾನ ಪಡಲು ಸಿದ್ಧನಾಗಿ ಡೈರಿಯ ೮ನೇ ತಾರೀಕಿನ ಪುಟ ತೆಗೆದೆ. 'ನಾವಿಬ್ಬರೂ ಬರುವುದಿಲ್ಲ' ಎಂಬ ಸಾಲಿನ ಕೆಳಗೇ, ಉದ್ದಕ್ಕೆ, ಅರಿಶಿನದ ಬೆರಳು ಎಳೆದ ಗೆರೆ.

ಈ ಡೈರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ, ಓದುತ್ತಿರುವವರಲ್ಲಿ ಒಂದು ಸಣ್ಣ ಅರಿಕೆ. ಆ ಲಕೋಟೆ ಸಾಸಿವೆ ಡಬ್ಬಿಯ ಕೆಳಗಿರಲಿ, ಸೀರೆಯ ಮಡಿಕೆಯಲ್ಲಿರಲಿ, ಹೊರಡುವ ಮುಂಚೆ ಒಲೆಗೆ ಹಾಕಿಬಿಡು. ಸ್ಟಾಂಪು ಬಿಡಿಸಿಕೊಂಡು — ಬೇಡ, ಅದೂ ಉರಿಯಲಿ. ಮತ್ತೆ, ನಾಳೆ ಸಾರಿಗೆ ಒಂಚೂರು ಹುಳಿ ಹಾಕು.