ಇನ್ನೊಂದು ಕಾಲು

ಹುಮನಾಬಾದ್

ಬಸವಕಲ್ಯಾಣದ ದಿಗಂಬರ ಅವರಿಗೆ ಗುರುಲಿಂಗನ ಶರಣು.

ನಿಮ್ಮ ಮನೆಯಿಂದ ತಂದ ಹಳೆಯ ಹೊಲಿಗೆ ಮಷೀನಿನ ಜಂಗು ಬಿಡಿಸಿದೆ. ಈಗ ಚಕ್ರ ಸಲೀಸಾಗಿ ತಿರುಗುತ್ತಿದೆ. ಆದರೆ ಒಂದು ಸಂಗತಿ ನನ್ನ ತಲೆ ತಿನ್ನುತ್ತಿದೆ. ನಾನು ಕೂಡಿಹಾಕಿರುವ ಎಲ್ಲ ಮಷೀನುಗಳ ಪೆಡಲುಗಳೂ ಎರಡೂ ಬದಿಗೆ ಸವೆದಿವೆ. ನಿಮ್ಮದು ಬಲಕ್ಕೆ ಮಾತ್ರ ಸವೆದಿದೆ. ಎಡಕ್ಕೆ ಹಳೆಯ ಬಣ್ಣ ಹಾಗೇ ಇದೆ. ಹೊಲಿದವರು ಒಂದೇ ಕಾಲಲ್ಲಿ ತುಳಿದರೇ? ಹಾಗಾದರೆ ಇನ್ನೊಂದು ಕಾಲು ಎಲ್ಲಿತ್ತು?

ನಿನ್ನೆ ಸ್ಟ್ಯಾಂಡು ಉಜ್ಜುವಾಗ ಎಡಬದಿಯ ಕಂಬಿಯ ಮೇಲೆ ಹಗ್ಗ ತಿಕ್ಕಿದ ಗೆರೆ ಕಂಡಿತು. ನನ್ನ ಹೆಂಡತಿ ಜಗದೇವಿ ಅದನ್ನು ನೋಡಿದ್ದೇ ನಕ್ಕಳು.

“ಎಡಗಾಲಿಗಿ ತೊಟ್ಟಿಲ ಹಗ್ಗ ಕಟ್ಕೊಂಡಾರ್ರಿ. ಒಂದು ಕಾಲು ಮಷೀನಿಗಿ, ಒಂದು ಕಾಲು ಕೂಸಿಗಿ.”

ಹೌದೋ ಅಲ್ಲವೋ, ನಿಮ್ಮ ಅವ್ವನವರನ್ನು ಕೇಳಿ ತಿಳಿಸಿ. ಅಲ್ಲಿಯವರೆಗೆ ಆ ಗೆರೆಗೆ ಬಣ್ಣ ಹಚ್ಚುವುದಿಲ್ಲ. ಕೊಂಡ ಮಷೀನನ್ನು ಮರಳಿಸುವ ರೂಢಿ ನನಗಿಲ್ಲ. ಇದನ್ನು ಮಾತ್ರ ನೀವು ಕೇಳಿದರೆ ಕೊಡುತ್ತೇನೆ.

ಅಂದು ಟೆಂಪೋಕ್ಕೆ ಏರಿಸುವಾಗ ನೀವು, “ಒಯ್ರಿ, ಅವ್ವ ಇದರ ಮ್ಯಾಲ ಹೊಲಿಯೂದು ನಾ ಒಮ್ಮೀನೂ ನೋಡಿಲ್ರಿ” ಅಂದಿರಿ. ಹ್ಯಾಗೆ ನೋಡುತ್ತೀರಿ? ಅವರು ಹೊಲಿಯುವಾಗ ನೀವು ನಿದ್ದೆಯಲ್ಲಿದ್ದಿರಿ.

ಉತ್ತರದ ದಾರಿ ನೋಡುವ,
ಗುರುಲಿಂಗ